ಬಾಗಿಲು ತೆರೆದರೆ ಸಾಲದು

ರಜೆಯ ದಿನ ಬಂದಿತೆಂದರೆ ಇಂಗ್ಲೆಂಡಿನ ಸಾಮಾನ್ಯ ಕುಟುಂಬಗಳು ಬುತ್ತಿ ಕಟ್ಟಿಕೊಂಡು, ಮಕ್ಕಳುಮರಿಗಳೊಡನೆ ಹೊರಟು, ಪುರಾತನ ಕೆಥೀಡ್ರಲ್ಲುಗಳನ್ನೂ, ಪಾಳುಬಿದ್ದ ಮಠಗಳನ್ನೂ, ಹಳ್ಳಿಗಾಡಿನ ಶ್ರೀಮಂತರ ಸೌಧಗಳನ್ನೂ ನೋಡಿಕೊಂಡು ಸಂಜೆಗೆ ಮನೆ ಸೇರುವುದು ಆ ದೇಶದ ರೂಢಿಯಾಗಿದೆ. ಇದನ್ನು ಬರಿಯ ವಿನೋದವೆಂದು ತಳ್ಳಿಹಾಕುವುದು ಸರಿಯಲ್ಲ. ಪಾಠಶಾಲೆಯಲ್ಲಿ ವರುಷವೆಲ್ಲ ಓದಿದರೂ ಮನಸ್ಸಿನಲ್ಲಿ ನಿಲ್ಲದ ಚರಿತ್ರೆಯು, ತಂದೆಯ ಕೈಹಿಡಿದು ಒಂದು ಹಳೆಯ ಕಂಬದ ಮುಂದೆ ನಿಂತಾಗ ಜನ್ಮಾವಧಿ ನಿಲ್ಲುವುದುಂಟು. ಜನಾಂಗವೊಂದು ತನ್ನ ಪೂರ್ವೋತ್ತರವನ್ನು ಮಕ್ಕಳಿಗೆ ತಿಳಿಸುವ ಸ್ಥಳಗಳಿವು. ಆದುದರಿಂದ ಅಲ್ಲಿ ಹೇಳುವ ಕಥೆಯು ಪೂರ್ಣವಾದುದೇ ಎಂದು ಕೇಳುವ ಹಕ್ಕು ಆ ಕಥೆಗೆ ಸಂಬಂಧಪಟ್ಟವರೆಲ್ಲರಿಗೂ ಇದೆ. ನಮಗೂ ಇದೆ.

ದೇವಾಲಯಗಳ ಮತ್ತು ಪಾಳುಮಠಗಳ ವಿಷಯದಲ್ಲಿ ಆಂಗ್ಲರು ಸತ್ಯಕ್ಕೆ ಅಂಜಿದವರಲ್ಲ. ೧೧೭೦ನೆಯ ಇಸವಿಯಲ್ಲಿ ಎರಡನೆಯ ಹೆನ್ರಿಯ ಸರದಾರರು ಆರ್ಚ್‌ಬಿಷಪ್ ಥಾಮಸ್ ಬೆಕೆಟ್ಟನನ್ನು ಕ್ಯಾಂಟರ್ಬರಿಯ ದೇವಾಲಯದೊಳಗೇ ಕಡಿದು ಕೊಂದರು. ೧೫೩೮ರಲ್ಲಿ ಎಂಟನೆಯ ಹೆನ್ರಿಯು ಆತನ ಸಮಾಧಿಯನ್ನೂ ಕೆಡವಿಸಿದನು. ಸಮಾಧಿಯಿದ್ದ ಸ್ಥಳದಲ್ಲಿ ಈಗ ಒಂದು ಮೇಣದಬತ್ತಿಯು ಉರಿಯುತ್ತದೆ. ಅದೇಕೆಂದು ಮಗು ಕೇಳಿದರೆ ತಾಯಿಯು ದೊರೆಗಳ ಕೃತ್ಯವನ್ನು ಹೇಳಲೇಬೇಕು. ಯಾರ್ಕ್‌ಷೈರಿನ ಫೌಂಟನ್ಸ್ ಮಠದ ವಿಷಯವೂ ಹಾಗೆಯೇ. ೧೧೩೨ರಲ್ಲಿ ಸ್ಥಾಪಿತವಾದ ಆ ಮಠವನ್ನು ೧೫೩೯ರಲ್ಲಿ ಅದೇ ಎಂಟನೆಯ ಹೆನ್ರಿಯು ವಶಪಡಿಸಿಕೊಂಡು ಸಂನ್ಯಾಸಿಗಳನ್ನು ಹೊರಕ್ಕೆ ಕಳುಹಿಸಿದನು. ಸೂರಿಲ್ಲದ ಆ ಗೋಡೆಗಳ ನೆರಳಿನಲ್ಲಿ ಕುಳಿತು ಬುತ್ತಿ ಉಣ್ಣುವವರಿಗೆ ರಾಜನ ಧನಲೋಭವನ್ನು ಯಾರೂ ಮುಚ್ಚಿಡುವುದಿಲ್ಲ. ಅದನ್ನು ತಿಳಿದುದರಿಂದ ಯಾವ ಮಗುವಿನ ದೇಶಾಭಿಮಾನವೂ ಕುಗ್ಗಿದಂತೆ ಕಾಣದು.

ಶ್ರೀಮಂತರ ಸೌಧಗಳು ಸಾರ್ವಜನಿಕರಿಗೆ ಹೆಚ್ಚಾಗಿ ತೆರೆದುದು ಈಚೆಗೆ. ಆಕ್ಟೇವಿಯಾ ಹಿಲ್, ರಾಬರ್ಟ್ ಹಂಟರ್, ಪಾದ್ರಿ ರಾನ್ಸ್‌ಲಿ ಈ ಮೂವರು ೧೮೯೫ರಲ್ಲಿ ಸ್ಥಾಪಿಸಿದ ನ್ಯಾಷನಲ್ ಟ್ರಸ್ಟ್ ಸಂಸ್ಥೆಯು ಮರುವರುಷ ಕೊಂಡ ಮೊದಲನೆಯ ಕಟ್ಟಡವು ಆಲ್ಫ್ರಿಸ್ಟನ್ ಗ್ರಾಮದ ಹಳೆಯ ಪಾದ್ರಿಮನೆ. ಅದರ ಬೆಲೆ ೧೦ ಪೌಂಡು ಮಾತ್ರ. ಯಜಮಾನನು ತೀರಿಕೊಂಡಾಗ ಬೀಳುವ ಭಾರಿ ತೆರಿಗೆಯಿಂದ ದೊಡ್ಡ ಮನೆಗಳು ಒಂದೊಂದಾಗಿ ಅಳಿಯತೊಡಗಿದಾಗ, ಅವನ್ನು ರಕ್ಷಿಸಬೇಕೆಂದು ೧೯೩೪ರಲ್ಲಿ ಕರೆಕೊಟ್ಟವರು ಲಾರ್ಡ್ ಲೋಥಿಯನ್ನರು. ೧೯೩೨ರಲ್ಲಿ ಭಾರತಕ್ಕೆ ಬಂದ ಮತದಾನ ಸಮಿತಿಯ ಅಧ್ಯಕ್ಷರಾಗಿದ್ದವರು ಇವರೇ. ೧೯೩೭ರ ಶಾಸನದಿಂದ ಮಾಲೀಕರು ಮನೆಯನ್ನು ಟ್ರಸ್ಟಿಗೆ ಒಪ್ಪಿಸಿ ಅಲ್ಲಿಯೇ ವಾಸವಾಗಿದ್ದು ಜನರಿಗೂ ಬಾಗಿಲು ತೆರೆಯುವ ಏರ್ಪಾಡಾಯಿತು. ಲೋಥಿಯನ್ನರ ಬ್ಲಿಕ್ಲಿಂಗ್ ಸೌಧವು ೧೯೪೦ರಲ್ಲಿ ಅವರ ಮರಣಾನಂತರ ಟ್ರಸ್ಟಿಗೆ ಸೇರಿತು. ಇಂದು ಆ ಸಂಸ್ಥೆಗೆ ೫೦ ಲಕ್ಷಕ್ಕೂ ಮಿಕ್ಕಿ ಸದಸ್ಯರಿದ್ದಾರೆ. ಒಂದು ಕಾಲಕ್ಕೆ ಹಿತ್ತಲ ಬಾಗಿಲಿನಿಂದ ಮಾತ್ರ ಒಳಹೊಗಬಹುದಾಗಿದ್ದ ಸೇವಕರ ಮೊಮ್ಮಕ್ಕಳು ಈಗ ಮುಂಬಾಗಿಲಿನಿಂದಲೇ ಒಳಗೆ ಹೋಗುತ್ತಾರೆ. ಇದು ಶ್ಲಾಘ್ಯವಾದ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಒಳಗೆ ಹೋದವರಿಗೆ ಕಾಣುವುದೇನು? ವೇಲ್ಸ್ ಪ್ರಾಂತದ ಪೋವಿಸ್ ದುರ್ಗವನ್ನೇ ನೋಡೋಣ. ೧೯೫೨ರಿಂದ ಟ್ರಸ್ಟಿನ ವಶದಲ್ಲಿರುವ ಆ ದುರ್ಗದಲ್ಲಿ ಟೀಪು ಸುಲ್ತಾನನ ಡೇರೆಯಿದೆ. ಆತನ ಸಿಂಹಾಸನವನ್ನು ಅಲಂಕರಿಸಿದ್ದ ರತ್ನಖಚಿತವಾದ ಚಿನ್ನದ ಹುಲಿಮುಖಗಳಲ್ಲೊಂದು ಇದೆ. ೧೭೯೯ನೆಯ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದ ಮೇಲೆ ಪಟ್ಟಣವು ಲೂಟಿಯಾಯಿತು. ಸಿಂಹಾಸನವನ್ನು ಒಡೆದು ತುಂಡುಮಾಡಿದರು. ಆಗ ಮದರಾಸಿನ ಗವರ್ನರನಾಗಿದ್ದವನು ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ ಕ್ಲೈವನು. ಪೋವಿಸ್ ದುರ್ಗವು ಆತನ ಪತ್ನಿ ಹೆನ್ರಿಯೆಟಾಳ ತೌರುಮನೆ. ಆಕೆಯು ೧೮೦೦ರಲ್ಲಿ ತನ್ನ ಇಬ್ಬರು ಹೆಣ್ಣುಮಕ್ಕಳೊಡನೆ ಬೆಂಗಳೂರಿಗೂ ಶ್ರೀರಂಗಪಟ್ಟಣಕ್ಕೂ ಪ್ರವಾಸ ಬಂದಳು. ಕಿರಿಯವಳಾದ ಷಾರ್ಲೆಟ್ ದಿನಚರಿಯನ್ನೂ ಬರೆದಳು; ಮುಂದೆ ರಾಣಿಯಾದ ವಿಕ್ಟೋರಿಯಾಳಿಗೆ ಆಕೆಯೇ ಶಿಕ್ಷಕಿಯಾದಳು. ಹಾಳಾದ ಪಟ್ಟಣವನ್ನು ತಾಯಿಮಕ್ಕಳು ಬಂದು ನೋಡಿದರು. ಆ ಪಟ್ಟಣದ ಸೊತ್ತನ್ನು ಈಗ ಬೇರೆ ತಾಯಿಮಕ್ಕಳು ಅವರ ಮನೆಯಲ್ಲಿ ನೋಡುತ್ತಾರೆ. ನಡುವಿನ ಸಂಗತಿಯನ್ನು ಹೇಳದೆ ಆ ಹುಲಿಮುಖದ ಅಂದವನ್ನು ಮಾತ್ರ ತೋರಿಸಿದರೆ ಅದು ಅರ್ಧಸತ್ಯವೇ ಸರಿ.

ಈ ಕೊರತೆಯನ್ನು ನೀಗಲು ೨೦೨೦ರ ಸೆಪ್ಟೆಂಬರಿನಲ್ಲಿ ಟ್ರಸ್ಟು ಒಂದು ವರದಿಯನ್ನು ಪ್ರಕಟಿಸಿತು. ತನ್ನ ವಶದಲ್ಲಿರುವ ೯೩ ಸ್ಥಳಗಳಿಗೆ ವಸಾಹತು ಆಳ್ವಿಕೆಯೊಡನೆಯೋ ಗುಲಾಮರ ವ್ಯಾಪಾರದೊಡನೆಯೋ ಸಂಬಂಧವಿತ್ತೆಂದು ಅದರಲ್ಲಿ ಒಪ್ಪಿಕೊಂಡಿತು. ಪಟ್ಟಿಯಲ್ಲಿ ಚರ್ಚಿಲ್ಲರ ಚಾರ್ಟ್‌ವೆಲ್ ಮನೆಯೂ ಇದ್ದುದರಿಂದ ಕೋಲಾಹಲವೆದ್ದಿತು. ಕನ್ಸರ್ವೆಟಿವ್ ಪಕ್ಷದ ಕೆಲವು ಪಾರ್ಲಿಮೆಂಟು ಸದಸ್ಯರು ಪ್ರತಿಭಟಿಸಿದರು. ಧರ್ಮಾರ್ಥ ಸಂಸ್ಥೆಗಳ ಮೇಲ್ವಿಚಾರಣೆಯ ಕಮಿಷನ್ನಿಗೂ ದೂರು ಹೋಯಿತು. ಟ್ರಸ್ಟು ಕಾನೂನನ್ನು ಮೀರಿಲ್ಲವೆಂದು ಕಮಿಷನ್ನು ೨೦೨೧ರಲ್ಲಿ ತೀರ್ಮಾನಿಸಿತು. ಆದರೂ ಆಕ್ಷೇಪಗಳು ನಿಂತಿಲ್ಲ.

ಆಕ್ಷೇಪಗಳು ಮುಖ್ಯವಾಗಿ ಎರಡು. ವಿಶ್ರಾಂತಿಗಾಗಿ ಬಂದ ಜನರಿಗೆ ಉಪದೇಶವೇಕೆಂಬುದು ಮೊದಲನೆಯದು. ಕ್ಯಾಂಟರ್ಬರಿಯ ಕೊಲೆಯನ್ನು ಕೇಳಿ ರಜೆಯ ಸಂತೋಷವನ್ನು ಕಳೆದುಕೊಳ್ಳದವರು ಶ್ರೀರಂಗಪಟ್ಟಣದ ಲೂಟಿಯನ್ನು ಕೇಳಿ ಕಳೆದುಕೊಳ್ಳುವರೆಂದು ನಾವು ನಂಬಲಾರೆವು. ಅಂದಿನವರನ್ನು ಇಂದಿನ ಅಳತೆಯಿಂದ ಅಳೆಯಬಾರದೆಂಬುದು ಎರಡನೆಯದು. ಇದು ತಕ್ಕಮಟ್ಟಿಗೆ ನ್ಯಾಯವಾದ ಮಾತೇ. ಆದರೆ ರಾಬರ್ಟ್ ಕ್ಲೈವನ ಸಂಪತ್ತು ಎಲ್ಲಿಂದ ಬಂದಿತೆಂದು ೧೭೭೨-೭೩ರಲ್ಲಿ ಕೇಳಿದುದು ಇಂಗ್ಲೆಂಡಿನ ಪಾರ್ಲಿಮೆಂಟೇ ಅಲ್ಲವೆ? ವಾರನ್ ಹೇಸ್ಟಿಂಗ್ಸನ ವಿಚಾರಣೆಯು ೧೭೮೮ರಿಂದ ೧೭೯೫ರವರೆಗೆ ಅಲ್ಲಿಯೇ ನಡೆಯಿತು. ಕೊನೆಗೆ ಆತನು ನಿರ್ದೋಷಿಯೆಂದು ತೀರ್ಪಾದರೂ ಪ್ರಶ್ನೆಯು ಅಂದಿನದೇ ಆಗಿತ್ತು. ಅಂದಿನವರು ಕೇಳಿದುದನ್ನು ಇಂದಿನವರು ಕೇಳಕೂಡದೆಂದರೆ ಅದು ಹಿರಿಯರಿಗೆ ತೋರಿಸುವ ಗೌರವವಾಗಲಾರದು.

ಟೀಪುವಿನ ಆಳ್ವಿಕೆಯ ಬಗ್ಗೆ ನಮ್ಮಲ್ಲಿಯೇ ಭಿನ್ನಾಭಿಪ್ರಾಯಗಳಿವೆ. ಆ ಚರ್ಚೆಯಿಂದ ಲೂಟಿಯು ಲೂಟಿಯಲ್ಲವೆಂದಾಗದು. ವಸ್ತುಗಳನ್ನು ಹಿಂದಿರುಗಿಸಬೇಕೆ ಎಂಬುದು ಬೇರೊಂದು ಪ್ರಶ್ನೆ. ಅದರ ವಿಚಾರವು ಸಾವಕಾಶವಾಗಿ ನಡೆಯಲಿ. ವಸ್ತುವಿನ ಪಕ್ಕದಲ್ಲಿ ಅದು ಎಲ್ಲಿಂದ, ಯಾವಾಗ, ಹೇಗೆ ಬಂದಿತೆಂಬುದನ್ನು ನಾಲ್ಕು ನೇರವಾದ ಸಾಲುಗಳಲ್ಲಿ ಬರೆಯುವುದಕ್ಕೆ ಯಾವ ವಿಚಾರಣೆಯೂ ಬೇಕಾಗಿಲ್ಲ. ಟ್ರಸ್ಟಿನವರು ಆರಂಭಿಸಿದ ಕೆಲಸವನ್ನು ಗದ್ದಲಕ್ಕೆ ಹೆದರಿ ಕೈಬಿಡಕೂಡದು. ಆ ದೇಶದಲ್ಲಿ ನೆಲಸಿರುವ ನಮ್ಮ ಕನ್ನಡ ಕುಟುಂಬಗಳೂ ಪೋವಿಸ್ಸಿಗೆ ಹೋಗಲಿ, ತೋಟದಲ್ಲಿ ಕುಳಿತು ಬುತ್ತಿ ಬಿಚ್ಚಲಿ, ಮಕ್ಕಳಿಗೆ ಹುಲಿಮುಖವನ್ನು ತೋರಿಸಿ ಕಾವೇರಿಯ ನಡುಗಡ್ಡೆಯ ಹೆಸರನ್ನು ಹೇಳಲಿ. ನಾವಾದರೂ ಈ ಅಳತೆಗೋಲನ್ನು ಪರರಿಗೆ ಮಾತ್ರ ಹಿಡಿಯದೆ, ನಮ್ಮ ಕೋಟೆಕೊತ್ತಲಗಳಿಗೆ ಬರುವ ಮಕ್ಕಳಿಗೂ ಗೆಲವಿನ ಜೊತೆಗೆ ನಮ್ಮವರ ತಪ್ಪುಗಳನ್ನೂ ಹೇಳಬೇಕು. ಆಂಗ್ಲರು ತಮ್ಮ ದೊರೆಗಳ ವಿಷಯದಲ್ಲಿ ತೋರಿದ ಧೈರ್ಯವನ್ನು ತಮ್ಮ ನವಾಬರ ವಿಷಯದಲ್ಲಿಯೂ ತೋರಲೆಂದೇ ನಾವು ಕೇಳುವುದು.