ಖಾತೆ ನಿಮ್ಮದು, ಕಡಿತ ಯಾರದು?

ಪಾಸ್‌ಬುಕ್ ಹಿಡಿದು ಕೌಂಟರಿಗೆ ಬರುವ ನಮ್ಮ ಹಿರಿಯರು ಕೇಳುವುದುಂಟು: "ಯಾರಿಗೂ ಕೊಡದ ದುಡ್ಡು ತಿಂಗಳು ತಿಂಗಳು ಹೋಗುವುದು ಎಲ್ಲಿಗೆ?" ವಿಚಾರಿಸಿದರೆ ಮೊಮ್ಮಗನ ಸಿನಿಮಾ ಆ್ಯಪಿಗೆ ಅಜ್ಜನ ಡೆಬಿಟ್ ಕಾರ್ಡ್. ಆ್ಯಪ್ ಅಳಿಸಿಯಾಗಿದೆ, ಕಡಿತ ನಿಂತಿಲ್ಲ. ಅಳಿಸಿದ್ದು ಫೋನಿನಿಂದ ಮಾತ್ರ. ಇ-ಮ್ಯಾಂಡೇಟ್ ಎಂಬ ಒಪ್ಪಿಗೆ ಬ್ಯಾಂಕಿನಲ್ಲಿ ಹಾಗೆಯೇ ಉಳಿದಿರುತ್ತದೆ.

2021ರ ಅಕ್ಟೋಬರ್‌ನಲ್ಲಿ ಪೂರ್ಣವಾಗಿ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮದಂತೆ, ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ವ್ಯಾಪಾರಿಯ ಹೆಸರು, ಮೊತ್ತ, ದಿನಾಂಕ ತಿಳಿಸುವ ಸಂದೇಶ ಬರಬೇಕು. ಆ ಒಂದು ಕಂತನ್ನೋ ಇಡೀ ಒಪ್ಪಿಗೆಯನ್ನೋ ಆಗ ನಿಲ್ಲಿಸಬಹುದು. ಸಂದೇಶಕ್ಕೆ ಕಾಯಲೇಬೇಕೆಂದಿಲ್ಲ, ಬ್ಯಾಂಕಿನ ಆನ್‌ಲೈನ್ ಸೌಲಭ್ಯದಲ್ಲಿ ಯಾವಾಗ ಬೇಕಾದರೂ ರದ್ದು ಮಾಡಬಹುದು. ಕಂಪನಿಗೂ ಚಂದಾ ಸಾಕೆಂದು ತಿಳಿಸಬೇಕು, ಇಲ್ಲವಾದರೆ ಬಾಕಿ ಕೇಳಿಯಾರು.

2022ರ ಜೂನ್‌ನಲ್ಲಿ ಒಟಿಪಿ ಇಲ್ಲದ ಕಂತಿನ ಮಿತಿಯನ್ನು 15,000 ರೂಪಾಯಿಗೆ ಏರಿಸಲಾಯಿತು. ಅಂದರೆ ಗ್ರಾಹಕನಿಗೆ ಉಳಿದ ಎಚ್ಚರಿಕೆ ಆ ಸಂದೇಶವೊಂದೇ. ಅದು ಇಂಗ್ಲಿಷಿನಲ್ಲಿ ಬಂದರೆ, ಅಥವಾ ಊರಲ್ಲಿ ಬಿಟ್ಟುಬಂದ ಹಳೆಯ ಸಿಮ್ಮಿಗೆ ಹೋದರೆ, ಹೋಟೆಲಿನಲ್ಲಿ ದುಡಿದು ನಿವೃತ್ತನಾದವನಿಗೆ ಏನು ಪ್ರಯೋಜನ? ಮರಾಠಿ, ಕನ್ನಡದಲ್ಲೂ ಅದನ್ನು ಕಳುಹಿಸುವುದು ಬ್ಯಾಂಕುಗಳಿಗೆ ಅಸಾಧ್ಯವೇನಲ್ಲ. ಜಾಹೀರಾತು ಕಳುಹಿಸುವಾಗ ಭಾಷೆ ಅಡ್ಡಬರುವುದಿಲ್ಲವಲ್ಲ!

ನಮ್ಮ ಸಂಘಗಳು ಒಂದು ರವಿವಾರ ಹಿರಿಯರನ್ನು ಸೇರಿಸಿ, ಖಾತೆಯಲ್ಲಿರುವ ಮೊಬೈಲ್ ನಂಬರ್ ಸರಿಯಿದೆಯೇ ಎಂದು ನೋಡಿಕೊಡಲಿ. ರದ್ದತಿಗೆ ಬ್ಯಾಂಕ್ ಸ್ಪಂದಿಸದಿದ್ದರೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದೊಳಗೆ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರಬಹುದು.