ಅಳಿಲನ್ನು ನೋಡಲು ನಡೆಯೋಣ



ಕಾಡಿಗೆ ಹೋಗಿಬಂದವರನ್ನು ನಮ್ಮ ಜನ ಕೇಳುವ ಮೊದಲ ಪ್ರಶ್ನೆ ಒಂದೇ: "ಹುಲಿ ಕಂಡಿತೇ?" ಇಲ್ಲವೆಂದರೆ ಹೋದದ್ದೇ ದಂಡವೆಂಬಂತೆ ಮುಖ ಮಾಡುತ್ತಾರೆ. ಈ ಮನೋಭಾವ ಬದಲಾಗಬೇಕೆಂಬುದು ನನ್ನ ಅಭಿಪ್ರಾಯ.

ಸ್ಕಾಟ್ಲೆಂಡಿನಲ್ಲಿ ಪುರಾತನ ಪೈನ್ ಕಾಡುಗಳ ಅಳಿದುಳಿದ ತುಣುಕುಗಳಿವೆ. ಅಲ್ಲಿ ಹುಲಿಯಿಲ್ಲ, ಆನೆಯಿಲ್ಲ. ಆದರೂ ಕೆಂಪು ಅಳಿಲನ್ನು, ಕೆಲವು ಹಕ್ಕಿಗಳನ್ನು ಕಾಣಲೆಂದೇ ಜನ ದೂರದಿಂದ ಬಂದು, ದಾರಿ ಬಲ್ಲವರ ಹಿಂದೆ ಸದ್ದಿಲ್ಲದೆ ನಡೆಯುತ್ತಾರೆ.

ಅಳಿಲಿಗಾಗಿ ನಡೆಯುವುದಾದರೆ ನಮ್ಮ ಪಾಲಾರ್ ಸೀಮೆಯೇನು ಕಡಿಮೆ? ಮಲೆ ಮಹದೇಶ್ವರ ಬೆಟ್ಟದಿಂದ ಇಳಿದು ತಮಿಳುನಾಡಿನ ಗಡಿ ಮುಟ್ಟುವಲ್ಲಿ ಪಾಲಾರ್ ಹಳ್ಳ ಕಾವೇರಿಯನ್ನು ಸೇರುತ್ತದೆ. ಕಾವೇರಿ ದಡದ ಹೊಳೆಮತ್ತಿ ಮರಗಳಲ್ಲಿ ಬೂದು ಬಣ್ಣದ ದೊಡ್ಡ ಅಳಿಲು ವಾಸಿಸುತ್ತದೆ. ಜಗತ್ತಿನಲ್ಲಿ ಇದು ಇರುವುದು ದಕ್ಷಿಣ ಭಾರತ ಮತ್ತು ಶ್ರೀಲಂಕಾಗಳಲ್ಲಿ ಮಾತ್ರ. ಕೊಂಬೆಯಿಂದ ಕೊಂಬೆಗೆ ಹಾರಿಯೇ ಬದುಕುವ ಈ ಪ್ರಾಣಿಗೆ ಮರಗಳ ಸಾಲು ತುಂಡಾದರೆ ದಾರಿಯೇ ತುಂಡಾದಂತೆ. ತಮಿಳುನಾಡು 1988ರಲ್ಲಿ ಶ್ರೀವಿಲ್ಲಿಪುತ್ತೂರಿನಲ್ಲಿ ಇದಕ್ಕೆಂದೇ ಒಂದು ಅಭಯಾರಣ್ಯವನ್ನು ಮಾಡಿತು. ನಮ್ಮಲ್ಲಿ ಇದರ ಹೆಸರನ್ನೇ ಕೇಳದವರು ಬಹಳ.

ಪಾಲಾರ್ ಎಂದೊಡನೆ ನಿಮ್ಮಲ್ಲಿ ಹಲವರಿಗೆ 1993ರ ಏಪ್ರಿಲ್ ತಿಂಗಳ ನೆಲಬಾಂಬ್ ಸ್ಫೋಟವೂ ವೀರಪ್ಪನ್ನನ ಹೆಸರೂ ನೆನಪಾಗುತ್ತವೆ. 2004ರಲ್ಲಿ ಆ ಅಧ್ಯಾಯ ಮುಗಿಯಿತು. ಹೆಸರಿಗಂಟಿದ ಭಯ ಇನ್ನೂ ಪೂರ್ತಿ ಹೋಗಿಲ್ಲ.

ಆದರೆ ಇಂದಿನ ಆತಂಕ ಬೇರೆ. 2025ರ ಜೂನ್‌ನಲ್ಲಿ ಹನೂರು ತಾಲ್ಲೂಕಿನ ಮೀಣ್ಯಂ ಕಾಡಿನಲ್ಲಿ ಒಂದು ತಾಯಿಹುಲಿ ಮತ್ತು ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಹುಲಿಯನ್ನೇ ವಾಹನವಾಗಿಸಿಕೊಂಡ ಮಾದಪ್ಪನ ಸೀಮೆಯಲ್ಲಿ ಹೀಗಾಯಿತು! ವಿಷವಿಟ್ಟದ್ದು ಕ್ಷಮಿಸಲಾಗದ ಕೃತ್ಯ, ನಿಜ. ಆದರೆ ಕಾಡಂಚಿನವನಿಗೆ ವನ್ಯಮೃಗದಿಂದ ನಷ್ಟ ಮಾತ್ರ ಬಂದು, ಲಾಭವೆಲ್ಲ ದೂರದ ಊರಿನವರಿಗೆ ಸೇರುತ್ತಿದ್ದರೆ ಕಾಡಿನ ಮೇಲೆ ಮಮತೆ ಹುಟ್ಟುವುದು ಹೇಗೆ?

ಆದಕಾರಣ ನನ್ನ ಸಲಹೆ ಇಷ್ಟು. ಅರಣ್ಯ ಇಲಾಖೆ ಹೊಳೆದಡದಲ್ಲಿ ಗೊತ್ತಾದ ಒಂದೆರಡು ದಾರಿಗಳನ್ನು ಗುರುತಿಸಲಿ. ಸೋಲಿಗ ಯುವಕ ಯುವತಿಯರು ಸಂಬಳ ಪಡೆದು ಮುಂದೆ ನಡೆಯಲಿ. ಐದಾರು ಜನ ಹಿಂದೆ ನಡೆಯಲಿ. ಹೆಜ್ಜೆ ಗುರುತು, ಲದ್ದಿ, ಕಚ್ಚಿ ಬಿಸಾಡಿದ ಕಾಯಿ, ಇವನ್ನು ಓದುವ ವಿದ್ಯೆ ಅವರಿಗೆ ಪರಂಪರೆಯಿಂದ ಬಂದದ್ದು. ಅದು ಯಾವ ಪದವಿಗೂ ಕಡಿಮೆಯಲ್ಲ.

ಆನೆಗಳಿರುವ ಕಾಡಿನಲ್ಲಿ ಕಾಲ್ನಡಿಗೆ ಅಪಾಯವಲ್ಲವೇ ಎಂದು ನೀವು ಕೇಳಬಹುದು. ಅಪಾಯವೇ. ಅದಕ್ಕೇ ಇಲಾಖೆಯ ಅನುಮತಿಯಿಲ್ಲದೆ ಯಾರೂ ಒಳಗೆ ಕಾಲಿಡಬಾರದು. ಆನೆ ಸುಳಿದಾಡುತ್ತಿದೆಯೆಂದು ತಿಳಿದ ದಿನ ನಡಿಗೆಯನ್ನೇ ಕೈಬಿಡಬೇಕು. ಜೀಪುಗಳ ಸಾಲು ಎಬ್ಬಿಸುವ ಧೂಳು ಗದ್ದಲಗಳಿಗಿಂತ ಈ ಎಚ್ಚರದ ನಡಿಗೆ ಕಾಡಿಗೂ ಹಿತ, ಮನುಷ್ಯನಿಗೂ ಹಿತ.

ನಿಮ್ಮ ಮಕ್ಕಳನ್ನು ಮುಂದಿನ ಸಲ ಮಾದಪ್ಪನ ಬೆಟ್ಟಕ್ಕೆ ಕರೆತಂದಾಗ ಹುಲಿಯ ಕಥೆಯ ಜೊತೆಗೆ ಈ ಅಳಿಲಿನ ಕಥೆಯನ್ನೂ ಹೇಳಿ. ಹೆಸರು ತಿಳಿಯದ ಜೀವವನ್ನು ಯಾರೂ ಕಾಪಾಡುವುದಿಲ್ಲ.