ನಲವತ್ತು ಸಲ ಕೇಳಿ, ಆಮೇಲೆ ಬನ್ನಿ

ಕಳೆದ ಭಾನುವಾರ ಮಾಟುಂಗಾದ ಹೋಟೆಲಿನಲ್ಲಿ ಮೂವರು ಸೇರಿ ನನ್ನನ್ನು ಹಣ್ಣುಗಾಯಿ ನೀರುಗಾಯಿ ಮಾಡಿದರು. ಜಗಳಕ್ಕೆ ಕಾರಣ ಕಾಫಿ ಲೋಟಗಳ ನಡುವೆ ಬಿದ್ದಿದ್ದ ಒಂದು ಸಿ.ಡಿ. ಕಾಲಾ ಘೋಡಾದ ರಿದಂ ಹೌಸಿನಿಂದ ನಾನು ಕೊಂಡು ತಂದದ್ದು: ಹಿಂದೆ ರಾಕ್ ಮೆಷಿನ್ ಎಂಬ ಹೆಸರಿದ್ದ ಮುಂಬೈನ ರಾಕ್ ತಂಡ ಇಂಡಸ್ ಕ್ರೀಡಿನ ‘ಇವಾಲ್ವ್’. ಇವರ ಹಿಂದಿನ ಆಲ್ಬಂ ಬಂದದ್ದು 1995ರಲ್ಲಿ, ಇದು ಬಂದದ್ದು 2012ರಲ್ಲಿ. 17 ವರ್ಷ ಕಾದು ಕೇಳಿದ ಮೇಲೆ ‘ಚೆನ್ನಾಗಿದೆ’ ಎಂದೆ. ಅಷ್ಟೇ ನಾನು ಮಾಡಿದ ಅಪರಾಧ.

ಮೂವರ ಹೆಸರು ಬರೆದರೆ ಅವರವರ ಮನೆಯಲ್ಲಿ ಮಂಗಳಾರತಿ ಆಗುತ್ತದೆ, ಸ್ಟೇಷನ್ ಹೆಸರೇ ಸಾಕು: ಮುಲುಂಡಿನವ, ಘಾಟ್ಕೋಪರಿನವ, ವಸಾಯಿಯವ. ಎಲ್ಲರೂ ಕುಂದಾಪುರ, ಬೈಂದೂರಿನ ಕಡೆಯಿಂದ ಚಡ್ಡಿಯಲ್ಲಿ ಮುಂಬೈಗೆ ಬಂದವರು. ಹಗಲು ಫೋರ್ಟಿನ ಹೋಟೆಲು, ಸಂಜೆ ಕನ್ನಡ ರಾತ್ರಿ ಶಾಲೆ. ನಾನೂ ಅದೇ ಹಿಂಡಿನವ. ಧೋಬಿ ತಲಾವಿನ ರಂಗಭವನದಲ್ಲಿ ಇಂಡಿಪೆಂಡೆನ್ಸ್ ರಾಕ್ ಸಂಗೀತೋತ್ಸವ ನಡೆಯುವಾಗ ನಾವು ಒಳಹೊಕ್ಕದ್ದು ಟಿಕೆಟ್ ತೆಗೆದಲ್ಲ, ಚಹಾದ ಕಿಟ್ಲಿ ಹಿಡಿದು. ಒಳಗೆ ಹೋದವರು ಕಿಟ್ಲಿ ಖಾಲಿಯಾದರೂ ಹೊರಗೆ ಬರಲಿಲ್ಲ. ಮರುದಿನ ಮಾವ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಬೈದದ್ದು ಇವತ್ತಿಗೂ ಕಿವಿಯಲ್ಲಿದೆ, ಅದರ ಜತೆಗೇ ಆ ಗಿಟಾರೂ ಇದೆ.

ಮೂವರ ಬಾಯಿ ದೊಡ್ಡದು. ಹೋಟೆಲಿನಲ್ಲಿ ನನಗೆ ಸರದಿ ಸಿಗಲೇ ಇಲ್ಲ. ಆದ್ದರಿಂದ ಬರೆದೇ ಉತ್ತರಿಸುತ್ತೇನೆ.

ಮುಲುಂಡಿನವನ ಆರೋಪ ಮೊದಲು, ಯಾಕೆಂದರೆ ಉಳಿದವರ ಮಾತೆಲ್ಲ ಇದೇ ಬೇರಿನ ಚಿಗುರು. ‘ಟ್ಯೂನೇ ಇಲ್ಲ ಮಾರಾಯ. ರಾಕ್ ಮೆಷಿನ್ ಕಾಲದ ಹಾಡು ಇವತ್ತೂ ಸ್ನಾನ ಮಾಡುವಾಗ ಬಾಯಿಗೆ ಬರ್ತದೆ. ಇದರಲ್ಲಿ ಒಂದಾದರೂ ಬರ್ತದಾ?’

ಬರುವುದಿಲ್ಲ, ಒಪ್ಪಿದೆ. ಆದರೆ ಅವು ಬಾಯಿಗೆ ಬಂದದ್ದು ಹೇಗೆಂದು ಸ್ವಲ್ಪ ನೆನಪು ಮಾಡಿಕೊ. 1988ರಲ್ಲಿ ಸಿ.ಬಿ.ಎಸ್. ಕಂಪನಿಯಿಂದ ‘ರಾಕ್ ಎನ್ ರೋಲ್ ರೆನಗೇಡ್’ ಹೊರಬಂದಾಗ ನಾವು ನಾಲ್ವರೂ ಟಿಪ್ಸಿನ ಚಿಲ್ಲರೆ ಕೂಡಿಸಿ ಒಂದೇ ಕ್ಯಾಸೆಟ್ ಕೊಂಡೆವು. ಹೋಟೆಲಿನ ಅಟ್ಟದ ಮೇಲೆ ಮಲಗುವ ಜಾಗ, ಅಲ್ಲೊಂದು ಹಳೆ ಟೂ-ಇನ್-ಒನ್. ಫಾರ್ವರ್ಡ್ ಒತ್ತಿದರೆ ಸೆಲ್ ಬೇಗ ಇಳಿಯುತ್ತದೆಂದು ಯಾವ ಹಾಡನ್ನೂ ಹಾರಿಸುತ್ತಿರಲಿಲ್ಲ. ತಿರುಗಿಸಿ ಸುತ್ತಲು ಪೆನ್ಸಿಲ್ ಇತ್ತು. ಕ್ಯಾಸೆಟ್ಟಿನ ಹಲ್ಲಿಗೆ ಪೆನ್ಸಿಲ್ ಸಿಕ್ಕಿಸಿ ಗಿರಗಿರ ತಿರುಗಿಸುವುದು ಘಾಟ್ಕೋಪರಿನವನ ಕೆಲಸ, ಅವನ ಕೈ ಚುರುಕು. ಒಂದು ಸಲ ರೀಲು ಹೊರಗೆ ಬಂದು ಅರ್ಧ ರಾತ್ರಿ ಅದನ್ನು ಬಿಡಿಸುತ್ತ ಕೂತಿದ್ದೆವು, ಒಂದು ಜಾಗದಲ್ಲಿ ಸುಕ್ಕುಗಟ್ಟಿತು. ಆ ಸುಕ್ಕಿನಲ್ಲಿ ಹಾಡು ಒಂದು ಕ್ಷಣ ನೀರಿನಲ್ಲಿ ಮುಳುಗಿ ಎದ್ದ ಹಾಗೆ ಕೇಳುತ್ತಿತ್ತು. ಮುಲುಂಡಿನವನೇ, ನೀನು ಇವತ್ತಿಗೂ ಆ ಹಾಡು ಹೇಳುವಾಗ ಆ ಜಾಗದಲ್ಲಿ ದನಿ ಮುಳುಗಿಸುತ್ತೀಯಲ್ಲ! ಅದು ತಂಡದ ಹಾಡುಗಾರ ಉದಯ್ ಬೆನೆಗಲ್ ಕಟ್ಟಿದ ಟ್ಯೂನಲ್ಲ, ನಮ್ಮ ಪೆನ್ಸಿಲ್ಲಿನ ಕೊಡುಗೆ.

ಇಡೀ ಮಳೆಗಾಲ ನಮ್ಮಲ್ಲಿದ್ದದ್ದು ಅದೊಂದೇ ಕ್ಯಾಸೆಟ್. ನಲವತ್ತು ಸಲವಲ್ಲ, ನಾನೂರು ಸಲ ಕೇಳಿರಬೇಕು. ನಾನೂರು ಸಲ ಕೇಳಿದರೆ ವೆಸ್ಟರ್ನ್ ರೈಲ್ವೆಯ ಅನೌನ್ಸ್‌ಮೆಂಟೂ ಬಾಯಿಗೆ ಬರುತ್ತದೆ, ಬಂದೂ ಇದೆ. ‘ಇವಾಲ್ವ್’ ಅನ್ನು ನೀನು ಎಷ್ಟು ಸಲ ಕೇಳಿದೆ? ಮೊಬೈಲಿಗೆ ಹಾಕಿಕೊಂಡು, ಮುಲುಂಡಿನಲ್ಲಿ ಹತ್ತಿ ದಾದರ್ ಬರುವಷ್ಟರಲ್ಲಿ ಎಂಟರಲ್ಲಿ ಆರು ಹಾಡು ಅರ್ಧರ್ಧ ಕೇಳಿ ಮುಗಿಸಿದೆ ಎಂದು ನೀನೇ ಹೇಳಿದೆ. ಅದೂ ಬಾಗಿಲಲ್ಲಿ ನೇತಾಡಿಕೊಂಡು. ಮಗುವಿಗೆ ಹೆಸರಿಡುವ ಮೊದಲೇ ಜಾತಕ ಬರೆದ ಹಾಗಾಯಿತು.

ನನಗೂ ‘ಫೈರ್‌ಫ್ಲೈಸ್’ ಮೊದಲ ಸಲ ಹಿಡಿಸಲಿಲ್ಲ. ಈಗ ಏರುತ್ತದೆ, ಈಗ ಏರುತ್ತದೆ ಎಂದು ಕಾದೆ, ನಾನು ಕಾದ ಜಾಗದಲ್ಲಿ ಏರಲಿಲ್ಲ. ರೈಲಿನಲ್ಲಿ ಕೇಳುವುದು ಬಿಟ್ಟು ಡೊಂಬಿವಲಿಯ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೂತೆ. ಐದನೆಯದೋ ಆರನೆಯದೋ ರಾತ್ರಿ ಜುಬಿನ್ ಬಾಲಾಪೋರಿಯಾರ ಕೀಬೋರ್ಡು ಗಿಟಾರಿನ ಕೆಳಗೆ ಮೆಲ್ಲಗೆ ಹರಿಯುವುದು ಕಿವಿಗೆ ಬಿತ್ತು. ಆಮೇಲೆ ಅದನ್ನೇ ಹುಡುಕಿಕೊಂಡು ಕೇಳತೊಡಗಿದೆ. ಮಹೇಶ್ ತಿನೈಕರರ ಗಿಟಾರ್ ಹಿಂದಿನಂತೆ ಎದೆಯುಬ್ಬಿಸಿ ಮುಂದೆ ಬಂದು ನಿಲ್ಲುವುದಿಲ್ಲ, ಒಂದು ಹೆಜ್ಜೆ ಹಿಂದೆ ಸರಿದು ಹಾಡಿಗೆ ಜಾಗ ಬಿಡುತ್ತದೆ. ಇದು ಎರಡು ಸಲ ಕೇಳಿದರೆ ಸಿಗುವುದಲ್ಲ.

ಇನ್ನು ವಸಾಯಿಯವ. ‘ಇವರು ದಾರಿ ಬಿಟ್ಟರು. ಇದ್ದ ಹಾಗೆ ಇರಬೇಕಿತ್ತು’ ಎನ್ನುವುದು ಅವನ ಅಳಲು.

ಈ ಅಳಲು ಅವನ ಬಾಯಿಂದ ಕೇಳಿ ನನಗೆ ನಗು ಬಂತು. ಇವನು ಯಕ್ಷಗಾನ ಭಾಗವತ ಕಾಳಿಂಗ ನಾವಡರ ಪದ ಕೇಳಿದರೆ ಕಣ್ಣೀರು ಹಾಕುವವ. ಮಳೆಗಾಲಕ್ಕೆ ಊರಿನ ಕಲಾವಿದರು ಮುಂಬೈಗೆ ಬಂದು ಆಟ ಆಡುವಾಗ ಭಾಗವತರು ಯಾರೇ ಕೂತಿರಲಿ, ಇವನ ತೀರ್ಪು ಒಂದೇ: ‘ನಾವಡರಷ್ಟು ಇಲ್ಲ.’ ನಾವಡರು ತೀರಿಕೊಂಡದ್ದು 1990ರಲ್ಲಿ, ರಸ್ತೆ ಅಪಘಾತದಲ್ಲಿ, ಇನ್ನೂ ಮೂವತ್ತೆರಡು ತುಂಬುವ ಮೊದಲು. ಅವರು ಬದುಕಿ ಹಾಡುತ್ತಿದ್ದಾಗ ನನ್ನ ಅಜ್ಜ ಏನು ಹೇಳುತ್ತಿದ್ದರು ಗೊತ್ತೇ? ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು, ‘ಈ ಹುಡುಗ ಹೊಸ ಹೊಸ ರಾಗ ತಂದು ಯಕ್ಷಗಾನವನ್ನು ಭಾವಗೀತೆ ಮಾಡಿಟ್ಟ’ ಎನ್ನುತ್ತಿದ್ದರು. ಅಜ್ಜನ ಪ್ರಕಾರ ದಾರಿ ಬಿಟ್ಟವರು ನಾವಡರು. ವಸಾಯಿಯವನ ಪ್ರಕಾರ ದಾರಿಯೇ ನಾವಡರು. ನಡುವೆ ಆದದ್ದು ಇಷ್ಟೇ: ಕ್ಯಾಸೆಟ್ಟುಗಳು ಬಂದವು, ಹೋಟೆಲಿನ ಅಟ್ಟದಲ್ಲಿ ನಾನೂರು ಸಲ ಓಡಿದವು.

ಇಂಡಸ್ ಕ್ರೀಡ್ ವಿಷಯದಲ್ಲೂ ಇವನದು ಇದೇ ಕಥೆ. 1993ರಲ್ಲಿ ‘ರಾಕ್ ಮೆಷಿನ್’ ಎಂಬ ಹೆಸರು ಕಳಚಿಟ್ಟು ಸಿಂಧೂ ನದಿಯ ಹೆಸರು ಇಟ್ಟುಕೊಂಡಾಗ ಅತಿ ಹೆಚ್ಚು ಕೂಗಾಡಿದ್ದು ಯಾರು? ವಸಾಯಿಯವನೇ. ‘ಇದೆಂತ ಹೆಸರು, ಟ್ರಾವೆಲ್ ಏಜೆನ್ಸಿಯ ಹಾಗೆ!’ ಎಂದದ್ದು ನನಗೆ ಚೆನ್ನಾಗಿ ನೆನಪಿದೆ. 1995ರ ಆಲ್ಬಂ ಬಂದಾಗಲೂ ‘ಹಳೆ ಜೋರು ಇಲ್ಲ’ ಎಂದು ಮೂಗು ಮುರಿದ. ಈಗ ಅದೇ 1995ರ ಆಲ್ಬಂ ಹಿಡಿದು ‘ಇವಾಲ್ವ್’ ತಲೆಗೆ ಮೊಟಕುತ್ತಿದ್ದಾನೆ. ಈ ಲೆಕ್ಕದಲ್ಲಿ ‘ಇವಾಲ್ವ್’ ಇವನಿಗೆ ಹಿಡಿಸಲು 2029 ಆಗಬೇಕು.

ಘಾಟ್ಕೋಪರಿನವ ಲೆಕ್ಕದ ಮನುಷ್ಯ, ಆರೋಪವನ್ನೂ ಲೆಕ್ಕದಲ್ಲೇ ಇಟ್ಟ. ತಂಡದ ಐವರಲ್ಲಿ ಹಳಬರು ಮೂವರು: ಉದಯ್, ಮಹೇಶ್, ಜುಬಿನ್. ಬಾಸ್ ಗಿಟಾರಿಗೆ ರುಷಾದ್ ಮಿಸ್ತ್ರಿ, ಡ್ರಮ್ಸಿಗೆ ಜೈ ರಾವ್ ಕವಿ, ಇಬ್ಬರೂ ಹೊಸಬರು. ಹಳೆ ತಂಡದ ಮಾರ್ಕ್ ಸೆಲ್ವಿನ್ ಇಲ್ಲ, ಮಾರ್ಕ್ ಮೆನೆಜಿಸ್ ಇಲ್ಲ, ಜಯೇಶ್ ಗಾಂಧಿ ಇಲ್ಲ. ‘ಹಳೆ ಬೋರ್ಡು, ಹೊಸ ಅಡಿಗೆಭಟ್ಟರು’ ಎಂದ.

ಮಾತು ಚುರುಕಾಗಿದೆ, ಹೋಟೆಲಿನವನಿಗೆ ತಕ್ಕದ್ದೇ. ಆದರೆ ಇವನ ಮನೆಯ ಗೋಡೆಗೆ ಇವತ್ತೂ ಡೀಪ್ ಪರ್ಪಲ್ ತಂಡದ ‘ಮೆಷಿನ್ ಹೆಡ್’ ಪೋಸ್ಟರ್ ಇದೆ. 1968ರಲ್ಲಿ ಆ ತಂಡ ಹುಟ್ಟಿದಾಗ ಹಾಡುಗಾರ ಇಯಾನ್ ಗಿಲನ್ ಅದರಲ್ಲಿರಲಿಲ್ಲ, ಬಾಸ್ ನುಡಿಸುವ ರೋಜರ್ ಗ್ಲೋವರೂ ಇರಲಿಲ್ಲ. ಇಬ್ಬರೂ ಆಮೇಲೆ ಬಂದು ಸೇರಿದರು, 1972ರಲ್ಲಿ ‘ಮೆಷಿನ್ ಹೆಡ್’ ಆಯಿತು. ಅಂದರೆ ಐವರಲ್ಲಿ ಹಳಬರು ಮೂವರು, ಹೊಸಬರು ಇಬ್ಬರು. ಲೆಕ್ಕ ಸರಿಯಾಯಿತಲ್ಲ? ಇನ್ನೂ ಬೇಕಿದ್ದರೆ ನಮ್ಮವರದ್ದೇ ತೆಗೆದುಕೊ: 1984ರಲ್ಲಿ ರಾಕ್ ಮೆಷಿನ್ ಶುರುವಾದಾಗ ಉದಯ್ ಬೆನೆಗಲ್ ತಂಡದಲ್ಲೇ ಇರಲಿಲ್ಲ.

‘17 ವರ್ಷಕ್ಕೆ ಬರೀ ಎಂಟು ಹಾಡಾ?’ ಎಂದೂ ಕೇಳಿದ. ‘ಮೆಷಿನ್ ಹೆಡ್’ನಲ್ಲಿ ಇರುವುದು ಏಳು. ಮುಂದಕ್ಕೆ ಹೋಗೋಣ.

ಮಿಕ್ಸಿಂಗ್ ಬಗ್ಗೆ ಮಾತ್ರ ಮೂವರೂ ಒಂದಾದರು: ಮುಂಬೈ ತಂಡದ ಹಾಡಿಗೆ ವಿದೇಶದ ಟಿಮ್ ಪಾಮರ್ ಯಾಕೆ, ನಮ್ಮಲ್ಲಿ ಸ್ಟುಡಿಯೋ ಇಲ್ಲವೇ, ಇದೆಲ್ಲ ಶೋಕಿ. ಮಿಕ್ಸಿಂಗ್ ಎಂದರೆ ಏನೆಂದು ಇವರಿಗೆ ನಾನು ಹೇಳಬೇಕಾಗಿಲ್ಲ, ಆಟ ನೋಡಿ ಬೆಳೆದವರು. ಚೆಂಡೆಯ ಅಬ್ಬರದಲ್ಲಿ ಭಾಗವತರ ಪದ ಮುಳುಗಿದರೆ ಎದುರಿನ ಸಾಲಿನಲ್ಲಿ ಕೂತ ಅಜ್ಜಂದಿರು ‘ಮೈಕ್ ನೋಡ್ಕೊಳ್ಳೊ!’ ಎಂದು ಕೂಗುತ್ತಾರಲ್ಲ, ಅದೇ. ಯಾವುದು ಎಷ್ಟು ಕೇಳಬೇಕು, ಯಾವುದು ಎಡಗಿವಿಯ ಕಡೆ ನಿಲ್ಲಬೇಕು, ಯಾವುದು ದೂರದಿಂದ ಬರಬೇಕು ಎಂದು ಗೊತ್ತುಮಾಡುವ ಕೆಲಸ. ಅದು ಕೆಟ್ಟರೆ ಆಟವೇ ಕೆಟ್ಟಿತು. ಟಿಮ್ ಪಾಮರ್ ಯಾರು ಎಂಬುದಷ್ಟೇ ನಾನು ಸೇರಿಸಬೇಕಾದ್ದು: ಪರ್ಲ್ ಜಾಮ್ ತಂಡದ 1991ರ ‘ಟೆನ್’ ಆಲ್ಬಮ್ಮನ್ನು ಮಿಕ್ಸ್ ಮಾಡಿದವನು ಇವನೇ. ಮುಲುಂಡಿನವನು ತನ್ನ ಮಗಳ ಮದುವೆಯ ಡಿಜೆಗೂ ಹಾಕಿಸಿದ್ದ ಆಲ್ಬಂ ಅದು, ಬೀಗರ ಕಡೆಯವರು ಗಾಬರಿಯಾದರು. ‘ಟೆನ್’ ಕೇಳುವಾಗ ಶೋಕಿಯಲ್ಲ, ‘ಇವಾಲ್ವ್’ ಕೇಳುವಾಗ ಶೋಕಿ! ನಮ್ಮ ತಂಡಕ್ಕೆ ಒಳ್ಳೆಯ ಕಿವಿಯೊಂದು ಸಿಕ್ಕಿತೆಂದು ಖುಷಿಪಡುವ ಬದಲು ಹೊಟ್ಟೆ ಉರಿಸಿಕೊಂಡರೆ ಯಾರೇನು ಮಾಡಲಿ?

ಕೊನೆಯದು ಕಾಫಿ ಮುಗಿದ ಮೇಲೆ, ಬಿಲ್ಲಿಗೆ ಕಾಯುತ್ತಿದ್ದಾಗ ವಸಾಯಿಯವ ಮೆಲ್ಲಗೆ ಎಸೆದದ್ದು. ‘ಇಂಗ್ಲಿಷ್ ಹಾಡು, ಬಾಂದ್ರಾ ಕೊಲಾಬಾದ ಹುಡುಗರ ಸಂಗೀತ. ನಮಗೆ ನಿನಗೆ ಅದರಲ್ಲಿ ಏನಿದೆ? ರಾಕ್ ಬೇಕಾದರೆ ರಘು ದೀಕ್ಷಿತ್ ಇಲ್ಲವಾ, ಕನ್ನಡದಲ್ಲೇ ಇದೆ.’ ನನ್ನನ್ನು ನಿಜವಾಗಿ ಚುಚ್ಚಿದ್ದು ಇದೊಂದೇ.

ರಘು ದೀಕ್ಷಿತ್ ನನಗೂ ಇಷ್ಟ. ಅವರ ಮೊದಲ ಆಲ್ಬಂ 2008ರಲ್ಲಿ ಹೊರಬರಲು ಬೆನ್ನಿಗೆ ನಿಂತವರು ಈ ಮುಂಬೈನ ಸಂಗೀತ ಜೋಡಿ ವಿಶಾಲ್–ಶೇಖರ್ ಎಂಬುದು ಬೆಂಗಳೂರಿನವರಿಗೆ ಮರೆತುಹೋಗಿರಬಹುದು, ವಸಾಯಿಯವನಿಗೆ ಮರೆಯಬಾರದು. ಶಿಶುನಾಳ ಷರೀಫರ ಪದ ಗಿಟಾರಿನ ಮೇಲೆ ಕೂತಾಗ ನನಗೂ ರೋಮ ನಿಂತಿತ್ತು. ಅದನ್ನು ಕೇಳುವವನು ಇದನ್ನು ಕೇಳಬಾರದೆಂದು ಎಲ್ಲಿ ಬರೆದಿದೆ? ಉದಯ್ ಬೆನೆಗಲ್ ತಮಗೆ ಒದಗುವ ಭಾಷೆಯಲ್ಲಿ ಹಾಡುತ್ತಾರೆ. ಬೆನೆಗಲ್ ಎಂಬ ಊರು ನಮ್ಮ ಬ್ರಹ್ಮಾವರದ ಕಡೆಯದ್ದು, ನಿಜ. ಹಾಗೆಂದು ಅವರನ್ನು ಎಳೆದು ತಂದು ನಮ್ಮ ಸಂಘದ ಸ್ಟೇಜಿನಲ್ಲಿ ಶಾಲು ಹೊದಿಸುವ ಆಸೆ ನನಗಿಲ್ಲ.

ಬಾಂದ್ರಾ ಹುಡುಗರ ಸಂಗೀತ ಎಂಬ ಮಾತು ಕೇಳಿ. 1980ರ ದಶಕದಲ್ಲಿ ಅದು ಹಾಗೇ ಇತ್ತು, ಸುಳ್ಳಲ್ಲ. ರಂಗಭವನದಲ್ಲಿ ನಮ್ಮ ಎಣ್ಣೆ ಹತ್ತಿದ ಅಂಗಿ ನೋಡಿ ಪಕ್ಕದವರು ಸರಿದು ಕೂತದ್ದೂ ಉಂಟು. ಆದರೆ ಮಳೆ ಬಂತು. ಬಯಲು ರಂಗಮಂದಿರ, ಮೇಲೆ ಸೂರಿಲ್ಲ. ಎಲ್ಲರ ಅಂಗಿಯೂ ಮೈಗೆ ಅಂಟಿತು. ಸರಿದು ಕೂತಿದ್ದ ಝೇವಿಯರ್ಸ್ ಕಾಲೇಜಿನ ಹುಡುಗನೊಬ್ಬ ನಮ್ಮ ಕಿಟ್ಲಿಯ ಮುಚ್ಚಳ ತೆಗೆದು ಅದರಲ್ಲೇ ಚಹಾ ಬಗ್ಗಿಸಿಕೊಂಡು ಕುಡಿದ, ಹಣ ಕೊಡಲಿಲ್ಲ, ನಾವೂ ಕೇಳಲಿಲ್ಲ. ವಸಾಯಿಯವನೇ, ಮುಚ್ಚಳ ಹಿಡಿದುಕೊಟ್ಟವನು ನೀನು. ಆಗ ಅದು ಯಾರ ಸಂಗೀತವಾಗಿತ್ತು? ಆ ರಂಗಭವನವೂ ಆಮೇಲೆ ಮೌನ ವಲಯವಾಯಿತು. ಆಸ್ಪತ್ರೆ, ಕಾಲೇಜು, ಕೋರ್ಟುಗಳ ಸುತ್ತ ನೂರು ಮೀಟರ್ ಸದ್ದು ಕೂಡದೆಂಬ 2000ದ ನಿಯಮ ಬಂದ ಮೇಲೆ ಅಲ್ಲಿ ಗಿಟಾರ್ ನಿಂತುಹೋಯಿತು. ರೋಗಿಗಳ ನಿದ್ದೆ ದೊಡ್ಡದು, ನನ್ನ ತಕರಾರಿಲ್ಲ. ಆದರೆ ಕಿಟ್ಲಿ ಹಿಡಿದು ಒಳಹೊಗಬಹುದಾದ ಜಾಗ ಆಮೇಲೆ ಈ ಊರಿನಲ್ಲಿ ಇನ್ನೊಂದು ಹುಟ್ಟಲಿಲ್ಲ. ಈಗ ಲೋವರ್ ಪರೇಲಿನ ಮಿಲ್ಲಿನ ಕಾಂಪೌಂಡಿನೊಳಗೆ ತಂಪು ಹವೆಯ ಕ್ಲಬ್ಬು, ಒಂದು ಲೋಟ ಪಾನೀಯದ ದರದಲ್ಲಿ ಮಾಟುಂಗಾದಲ್ಲಿ ನಾಲ್ವರು ಊಟ ಮಾಡಬಹುದು. ಸಿಟ್ಟಿದ್ದರೆ ಅದರ ಮೇಲೆ ಮಾಡಿಕೊ, ನಾನೂ ಜತೆಗೆ ಬರುತ್ತೇನೆ. ಆಲ್ಬಮ್ಮಿನ ಮೇಲೆ ಯಾಕೆ?

ನನ್ನದೂ ಒಂದು ತಕರಾರಿದೆ, ಮುಚ್ಚಿಡುವುದಿಲ್ಲ. ಕೆಲವು ಹಾಡುಗಳಲ್ಲಿ ಮಾತು ಸಂಗೀತದಷ್ಟು ಬೆಳೆದಿಲ್ಲ. ರಾಗ ಹೊಸ ಮನೆ ಕಟ್ಟಿದೆ, ಪದಗಳು ಹಳೆ ಮನೆಯ ಸಾಮಾನೇ. ಮುಂಬೈ ಎಂಬ ಊರು ಈ ಎಂಟು ಹಾಡುಗಳಲ್ಲಿ ನನ್ನ ಕಿವಿಗೆ ಬಿದ್ದದ್ದು ಕಡಿಮೆ. ಇದನ್ನು ಮೂವರಲ್ಲಿ ಒಬ್ಬನಾದರೂ ಹೇಳಿದ್ದರೆ ಬಾಯಿ ಮುಚ್ಚಿಕೊಂಡು ಬಿಲ್ಲು ನಾನೇ ಕೊಡುತ್ತಿದ್ದೆ. ಹೇಳಲಿಲ್ಲ, ಯಾಕೆಂದರೆ ಅಷ್ಟು ಕೇಳಿಯೇ ಇಲ್ಲ.

ಹಾಗಾಗಿ ಸಿ.ಡಿ.ಯನ್ನು ಘಾಟ್ಕೋಪರಿನವನ ಕೈಗೆ ಕೊಟ್ಟು ಬಂದಿದ್ದೇನೆ. ಒಬ್ಬೊಬ್ಬರಿಗೆ ಹದಿನೈದು ದಿನ, ಸರದಿ ಪ್ರಕಾರ, ಹಾರಿಸದೆ ಕೇಳತಕ್ಕದ್ದು. ಗಣೇಶ ಚೌತಿಯ ಹೊತ್ತಿಗೆ ಅದೇ ಟೇಬಲ್ಲಿನಲ್ಲಿ ಕೂರೋಣ. ಮತ್ತೆ ವಸಾಯಿಯವ ಬರುವಾಗ ರಾಕ್ ಮೆಷಿನ್ನಿನ 1990ರ ‘ದಿ ಸೆಕೆಂಡ್ ಕಮಿಂಗ್’ ಕ್ಯಾಸೆಟ್ ತರತಕ್ಕದ್ದು. ‘ನಾಳೆ ಕೊಡ್ತೆ’ ಎಂದು ಹೇಳಿ ನನ್ನಿಂದ ಒಯ್ದು ಇಪ್ಪತ್ತೊಂದು ವರ್ಷವಾಯಿತು.